ಮೀಟರಿಗೆ ಕಾಣದ 14 ಸುತ್ತು: ಒಂದು ಫ್ರಿಜ್ ಕಂಪ್ರೆಸರಿನ ರಿವೈಂಡಿಂಗ್ ದಾಖಲೆ

ಫ್ರಿಜ್ಜಿನ ಸೀಲ್ಡ್ ಕಂಪ್ರೆಸರಿನೊಳಗಿನ ಮೋಟಾರು ಸುಟ್ಟರೆ ಅದನ್ನು ಕೊಯ್ದು ರಿವೈಂಡ್ ಮಾಡುವುದಕ್ಕಿಂತ, ಅಂದರೆ ಹೊಸ ತಂತಿ ಸುತ್ತುವುದಕ್ಕಿಂತ, ಹೊಸ ಕಂಪ್ರೆಸರನ್ನೇ ಕೂರಿಸುವುದು ಜಾಣತನ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಫ್ಯಾನಿನ ಅಥವಾ ನೀರಿನ ಪಂಪಿನ ಮೋಟಾರಿನಂತೆ ನಾಲ್ಕು ಬೋಲ್ಟು ಬಿಚ್ಚಿದ ಮಾತ್ರಕ್ಕೆ ಇದರ ಒಳಭಾಗ ಕೈಗೆ ಬರುವುದಿಲ್ಲ. ಉಕ್ಕಿನ ಶೆಲ್ಲನ್ನು ಬೆಸುಗೆಯ ಗುಂಟ ಸುತ್ತಲೂ ಕೊಯ್ಯಬೇಕು, ಕೆಲಸ ಮುಗಿದ ಮೇಲೆ ಸೋರದಂತೆ ಮತ್ತೆ ಬೆಸೆಯಬೇಕು, ನಾವು ಸುತ್ತಿದ ತಂತಿಯಾದರೋ ಬಿಸಿ ಎಣ್ಣೆ ಮತ್ತು ಗ್ಯಾಸಿನ ನಡುವೆಯೇ ವರ್ಷಗಟ್ಟಲೆ ಬಾಳಬೇಕು. ಇಷ್ಟು ಗೊತ್ತಿದ್ದೂ ಕೈಹಾಕಿದ್ದಕ್ಕೆ ಎರಡು ಕಾರಣಗಳಿದ್ದವು. ಪಂಪಿನ ಭಾಗ ಗಟ್ಟಿಮುಟ್ಟಾಗಿತ್ತು ಮತ್ತು ಅದೇ ಸಾಮರ್ಥ್ಯದ, ಕಾಲುಗಳ ನಡುವೆ ಅಷ್ಟೇ ಅಂತರವಿರುವ ಬದಲಿ ಕಂಪ್ರೆಸರ್ ಸಿಗಲಿಲ್ಲ. ಉಳಿದದ್ದು ಕುತೂಹಲ.

ಕಂಪ್ರೆಸರಿನ ಮೇಲಿನ ಫಲಕದಲ್ಲಿ 230 ವೋಲ್ಟ್, 50 ಹರ್ಟ್ಸ್, ಆರ್-134ಎ (ತಣಿಸುವ ಗ್ಯಾಸಿನ ಹೆಸರು) ಎಂದಿತ್ತು. ಶಕ್ತಿ ಸುಮಾರು 1/6 ಅಶ್ವಶಕ್ತಿ. ಕೆಪಾಸಿಟರ್ ಇಲ್ಲದ, ಪಿಟಿಸಿ ರಿಲೇ ಮೂಲಕ ಸ್ಟಾರ್ಟ್ ಆಗುವ ಸಾದಾ ಜಾತಿಯ ಮೋಟಾರು ಇದು. ಪಿಟಿಸಿ ಎಂದರೆ ತಣ್ಣಗಿರುವಾಗ ಕೆಲವೇ ಓಮ್‌ಗಳ ತಡೆ ತೋರಿಸಿ, ವಿದ್ಯುತ್ ಹರಿದು ಬಿಸಿಯಾದ ಕೂಡಲೇ ಸಾವಿರಾರು ಓಮ್‌ಗಳಿಗೆ ಏರುವ ಬಿಲ್ಲೆ. ಮೋಟಾರಿನಲ್ಲಿ ತಂತಿ ಸುರುಳಿಗಳ ಎರಡು ಗುಂಪು, ಅಂದರೆ ವೈಂಡಿಂಗುಗಳು, ಇರುತ್ತವೆ: ಓಡುವಷ್ಟು ಹೊತ್ತೂ ಕೆಲಸ ಮಾಡುವ ರನ್ನಿಂಗ್, ಎಬ್ಬಿಸುವುದಕ್ಕಷ್ಟೇ ಬೇಕಾದ ಸ್ಟಾರ್ಟಿಂಗ್. ಸ್ಟಾರ್ಟಿಂಗ್ ವೈಂಡಿಂಗನ್ನು ಒಂದೆರಡು ಕ್ಷಣ ಜೋಡಿಸಿ, ಆಮೇಲೆ ಅದನ್ನು ಬಹುಮಟ್ಟಿಗೆ ಕಡಿದುಹಾಕುವುದು ಪಿಟಿಸಿಯ ಕೆಲಸ. ಈ ಯಂತ್ರದಲ್ಲಿ ಆ ಬಿಲ್ಲೆ ಒಡೆದು ತುಂಡಾಗಿ, ಅದನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಪಟ್ಟಿಗಳೆರಡೂ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂದರೆ ಸ್ಟಾರ್ಟಿಂಗ್ ವೈಂಡಿಂಗ್ ಲೈನಿನಲ್ಲಿಯೇ ಉಳಿದಿತ್ತು. ಕರೆಂಟು ಮಿತಿ ಮೀರಿದಾಗ ಕಡಿದು ಮೋಟಾರನ್ನು ಕಾಯಬೇಕಾದ ಓವರ್‌ಲೋಡ್ ಸ್ವಿಚ್ಚನ್ನು ಹಿಂದೊಮ್ಮೆ ಯಾರೋ ಬದಲಿಸಿದ್ದರು, ಮತ್ತು ಹಾಕಿದ್ದು ಇದಕ್ಕಿಂತ ದೊಡ್ಡ ಕಂಪ್ರೆಸರಿನದು. ಸ್ಟಾರ್ಟಿಂಗಿನ 0.315 ಮಿ.ಮೀ. ತಂತಿಯ ಅಡ್ಡಕೊಯ್ತ ಸುಮಾರು 0.078 ಚದರ ಮಿ.ಮೀ.; ಅದರಲ್ಲಿ 5 ಆಂಪಿಯರ್ ಹರಿದರೂ ಚದರ ಮಿಲಿಮೀಟರಿಗೆ 64 ಆಂಪಿಯರ್ ಆಗುತ್ತದೆ. ಅಂಥ ಹೊರೆಯನ್ನು ಆ ತಂತಿ ಹೆಚ್ಚು ಹೊತ್ತು ತಾಳಲಾರದು.

ಕಂಪ್ರೆಸರಿನ ಮೂರು ಪಿನ್ನುಗಳ ನಡುವೆ ಎರಡೆರಡರಂತೆ ಅಳೆದಾಗ 14.9, 6.4 ಮತ್ತು 21.3 ಓಮ್ ಬಂದವು. ಅತಿ ಹೆಚ್ಚು ತೋರಿಸಿದ ಜೋಡಿಯಿಂದ ಹೊರಗುಳಿದದ್ದು ಎರಡೂ ವೈಂಡಿಂಗಿಗೆ ಸೇರಿದ ಕಾಮನ್ ಪಿನ್. ಕಾಮನ್‌ನಿಂದ ಕಡಿಮೆ ಓಮ್ ಬರುವುದು ರನ್ನಿಂಗ್, ಹೆಚ್ಚು ಬರುವುದು ಸ್ಟಾರ್ಟಿಂಗ್ ಎಂಬುದು ಇಂಥ ಮೋಟಾರುಗಳಲ್ಲಿ ಎಲ್ಲರೂ ಬಳಸುವ ಸೂತ್ರ. ಅದನ್ನೇ ಕಣ್ಣುಮುಚ್ಚಿ ನಂಬಿದ್ದರೆ ಇಲ್ಲಿ ರನ್ನಿಂಗ್ ಪಿನ್ನನ್ನೇ ಸ್ಟಾರ್ಟಿಂಗ್ ಎಂದು ಬರೆದುಕೊಳ್ಳುತ್ತಿದ್ದೆ. ರಿಲೇ ಕೂರುವ ಜಾಗ ನೋಡಿದಾಗ 6.4 ಓಮಿನದೇ ಸ್ಟಾರ್ಟಿಂಗ್ ಎಂದು ಖಚಿತವಾಯಿತು. ಸುತ್ತುಗಳು ಒಳಗೊಳಗೇ ಶಾರ್ಟ್ ಆಗಿ ಅದರ ತಡೆ ರನ್ನಿಂಗಿಗಿಂತಲೂ ಕೆಳಗಿಳಿದಿತ್ತು. 500 ವೋಲ್ಟಿನ ಮೆಗ್ಗರ್ (ನಿರೋಧನ ಅಳೆಯುವ ಮೀಟರು) ಇಟ್ಟರೆ ವೈಂಡಿಂಗಿನಿಂದ ಶೆಲ್ಲಿಗೆ ಬರೀ 0.1 ಮೆಗಾಓಮ್. ಇನ್ನು ಅನುಮಾನಕ್ಕೆ ಎಡೆಯಿರಲಿಲ್ಲ.

ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಡಿದುಕೊಂಡು, ಕೊಳವೆಗಳನ್ನು ಕತ್ತರಿಸಿ, ಕಂಪ್ರೆಸರನ್ನು ಬೋರಲು ಹಾಕಿ ಎಣ್ಣೆಯನ್ನು ಅಳತೆಯ ಜಾಡಿಗೆ ಇಳಿಸಿದೆ. 190 ಮಿ.ಲೀ. ಬಂತು. ಮತ್ತೆ ಎಷ್ಟು ತುಂಬಬೇಕೆಂಬುದಕ್ಕೆ ಇದು ಆಧಾರವಾದ್ದರಿಂದ ಈ ಅಂಕಿಯನ್ನು ತಪ್ಪದೆ ಬರೆದಿಡಬೇಕು. ಎಣ್ಣೆ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿ ಮೂಗಿಗೆ ಚುಚ್ಚುವ ವಾಸನೆ ಹೊಡೆಯುತ್ತಿತ್ತು. ಆಮ್ಲ ಪರೀಕ್ಷೆಯ ದ್ರಾವಣ ಹಾಕಿದೊಡನೆ ಬಣ್ಣ ಬದಲಾಯಿತು. ಇಂಥ ಎಣ್ಣೆಯನ್ನು ಬರಿಗೈಯಲ್ಲಿ ಮುಟ್ಟಬಾರದು. ಇದೇ ಕೆಲಸವನ್ನು ಆರ್-600ಎ ಕಂಪ್ರೆಸರಿನಲ್ಲಿ ಮಾಡುವವರು ಇನ್ನೊಂದು ಹೆಜ್ಜೆ ಹೆಚ್ಚು ಇಡಬೇಕು: ಅದು ಐಸೋಬ್ಯೂಟೇನ್, ಬೆಂಕಿ ಹೊತ್ತುವ ಗ್ಯಾಸು, ಎಣ್ಣೆಯಲ್ಲಿಯೂ ಕರಗಿ ಉಳಿದಿರುತ್ತದೆ. ನೈಟ್ರೋಜನ್ ಹಾಯಿಸಿ ಪೂರ್ತಿ ಹೊರಹಾಕುವ ತನಕ ಕಿಡಿ ಹಾರುವ ಯಾವ ಉಪಕರಣವನ್ನೂ ಹತ್ತಿರ ತರಬಾರದು.

ಶೆಲ್ ಕೊಯ್ಯುವಾಗ ಗ್ರೈಂಡರನ್ನು ಅರ್ಧ ದಾರಿಗೆ ಮಾತ್ರ ಬಳಸಿದೆ. ಬೆಸುಗೆಯ ದಿಣ್ಣೆಯನ್ನು ಸವೆಸಿ, ತೆಳ್ಳಗೆ ಒಂದು ಪದರ ಉಳಿದಾಗ ನಿಲ್ಲಿಸಿ, ಉಳಿದದ್ದನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದೆ. ಗ್ರೈಂಡರಿನ ಧೂಳು ಒಳಗೆ ಬಿದ್ದರೆ ಅದು ಬೇರಿಂಗಿನೊಳಗೆ ಅರದಂತೆ ಕೆಲಸ ಮಾಡುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. ಮುಚ್ಚಳ ಎತ್ತಿದರೆ ಸ್ಪ್ರಿಂಗುಗಳ ಮೇಲೆ ಕುಳಿತ ಪಂಪು, ಅದಕ್ಕೆ ಕಚ್ಚಿಕೊಂಡ ಸ್ಟೇಟರು (ಮೋಟಾರಿನ ತಿರುಗದ, ತಂತಿ ಸುತ್ತಿದ ಭಾಗ), ಪಂಪಿನಿಂದ ಶೆಲ್ಲಿಗೆ ಸುತ್ತುಬಳಸಿ ಹೋಗುವ ಡಿಸ್ಚಾರ್ಜ್ ಕೊಳವೆ. ನಾಲ್ಕು ಬೋಲ್ಟು ಬಿಚ್ಚಿದಾಗ ಸ್ಟೇಟರು ಕೈಗೆ ಬಂತು. ತಿರುಗುವ ಭಾಗವಾದ ರೋಟರು ಕ್ರ್ಯಾಂಕಿಗೆ ಬಿಗಿಯಾಗಿ ಕೂತಿದ್ದರಿಂದ ಅದನ್ನು ಮುಟ್ಟಲಿಲ್ಲ. ಒಳಸುತ್ತಿನ ಸ್ಟಾರ್ಟಿಂಗ್ ಕಾಯಿಲುಗಳು ಇದ್ದಿಲಾಗಿದ್ದವು. ರನ್ನಿಂಗ್ ಕಾಯಿಲುಗಳು ಕಂದಿದ್ದರೂ ಓಮ್ ಸರಿಯಿತ್ತು. ಒಂದನ್ನು ಮಾತ್ರ ಬದಲಿಸಿ ಇನ್ನೊಂದನ್ನು ಉಳಿಸುವ ಆಸೆ ಆ ಹೊತ್ತಿನಲ್ಲಿ ಯಾರಿಗಾದರೂ ಬರುತ್ತದೆ. ಆದರೆ ತಂತಿಯ ಮೇಲಿನ ಅಷ್ಟು ಬೆಂದ ನಿರೋಧಕ ಲೇಪವನ್ನು, ಅಂದರೆ ಎನಾಮೆಲನ್ನು, ನಂಬಿ ಶೆಲ್ ಮುಚ್ಚುವುದು ನನ್ನಿಂದಾಗದು, ಆದ್ದರಿಂದ ಎರಡನ್ನೂ ತೆಗೆದೆ.

ಸುಟ್ಟ ವೈಂಡಿಂಗೇ ಈ ಕೆಲಸದ ಏಕೈಕ ನಕ್ಷೆ. ಹಾಗಾಗಿ ಕೀಳುವ ಮೊದಲು ಅರ್ಧ ದಿನ ನೋಡುವುದಕ್ಕೇ ಕಳೆದೆ. 24 ಸ್ಲಾಟು (ತಂತಿ ಕೂರುವ ಸೀಳು), 2 ಪೋಲು (ಕಾಂತಧ್ರುವ). ಕನೆಕ್ಷನ್ ಇರುವ ಬದಿಯಲ್ಲಿ ಒಂದು ಹಲ್ಲಿಗೆ ಗುರುತು ಕೊರೆದು ಅಲ್ಲಿಂದ ಸ್ಲಾಟುಗಳಿಗೆ ಸಂಖ್ಯೆ ಕೊಟ್ಟೆ. ರನ್ನಿಂಗಿನ ಒಂದು ಪೋಲಿನಲ್ಲಿ ಒಂದರೊಳಗೊಂದು ಕೂರುವ ನಾಲ್ಕು ಕಾಯಿಲು: 1–12, 2–11, 3–10, 4–9. ಎದುರಿನ ಪೋಲು 13ರಿಂದ 24ರವರೆಗೆ ಅದೇ ಕ್ರಮ. ಸ್ಟಾರ್ಟಿಂಗಿನಲ್ಲಿ ಪೋಲಿಗೆ ಮೂರು ಕಾಯಿಲು, ಆರು ಸ್ಲಾಟು ಸರಿದು, ಅಂದರೆ 90 ಡಿಗ್ರಿ ದೂರದಲ್ಲಿ: 7–18, 8–17, 9–16, ಮತ್ತು ಎದುರಿಗೆ 19–6, 20–5, 21–4. ಹೀಗೆ 4, 9, 16 ಮತ್ತು 21ನೆಯ ಸ್ಲಾಟುಗಳಲ್ಲಿ ಎರಡೂ ವೈಂಡಿಂಗುಗಳು ಒಟ್ಟಿಗೆ ಇರುತ್ತವೆ. ಎಲ್ಲ ಕೋನಗಳಿಂದಲೂ ಫೋಟೋ ತೆಗೆದುಕೊಂಡೆ. ಆ ಫೋಟೋಗಳು ಆಮೇಲೆ ನನ್ನನ್ನು ಕಾಪಾಡಿದವು.

ಕನೆಕ್ಷನ್ ಇಲ್ಲದ ಬದಿಯ ತಲೆಯನ್ನು (ಸ್ಲಾಟಿನಿಂದ ಹೊರಗೆ ಉಳಿಯುವ ಸುರುಳಿಯ ಭಾಗ) ಉಳಿಯಿಂದ ಕಡಿದು, ಇನ್ನೊಂದು ಬದಿಯಿಂದ ಕಾಯಿಲುಗಳನ್ನು ಎಳೆದು ತೆಗೆದೆ. ಇಂಥ ಸಣ್ಣ ಕಂಪ್ರೆಸರುಗಳಲ್ಲಿ ಸಾಮಾನ್ಯವಾಗಿ ವಾರ್ನಿಷ್ ಹಾಕದೆ ಪಾಲಿಯೆಸ್ಟರ್ ದಾರದಿಂದ ಬಿಗಿದಿರುವುದರಿಂದ ತಂತಿ ಸಲೀಸಾಗಿ ಬರುತ್ತದೆ. ಸ್ಟೇಟರನ್ನು ಬೆಂಕಿಗೆ ಹಾಕಿ ಸುಡುವ ಪದ್ಧತಿ ಬೇಡವೇ ಬೇಡ. ಸ್ಟೇಟರಿನ ಕೋರ್ ಆಗಿರುವ ತಗಡುಗಳ ನಡುವಿನ ಲೇಪ ಸುಟ್ಟರೆ ಕೋರ್ ಬಿಸಿಯಾಗುತ್ತದೆ, ಆ ದೋಷಕ್ಕೆ ರಿವೈಂಡಿಂಗಿನಲ್ಲಿ ಮದ್ದಿಲ್ಲ. ಕಡಿದ ತುದಿಗಳನ್ನು ಭೂತಗನ್ನಡಿಯಡಿ ಹತ್ತುಹತ್ತರ ಕಟ್ಟು ಮಾಡಿ ಎಣಿಸಿದೆ. ರನ್ನಿಂಗಿನಲ್ಲಿ ಹೊರಗಿನಿಂದ ಒಳಕ್ಕೆ 87, 81, 70, 53, ಅಂದರೆ ಪೋಲಿಗೆ 291. ಸ್ಟಾರ್ಟಿಂಗಿನಲ್ಲಿ 92, 58, 46, ಪೋಲಿಗೆ 196. ಇದ್ದಿಲಾದ ಭಾಗದಲ್ಲಿ ತಂತಿಗಳು ಒಂದಕ್ಕೊಂದು ಅಂಟಿದ್ದರಿಂದ ಮೂರು ಸಲ ಎಣಿಸಬೇಕಾಯಿತು. 92, 58, 46 ಎಂಬ ಸಾಲನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ರನ್ನಿಂಗಿನ ಸಂಖ್ಯೆಗಳು ಮೆಲ್ಲಗೆ ಇಳಿಯುತ್ತವೆ. ಇಲ್ಲಿ ಮೊದಲ ಕಾಯಿಲಿನಿಂದ ಎರಡನೆಯದಕ್ಕೆ ಒಮ್ಮೆಗೇ 34 ಸುತ್ತು ಕುಸಿದಿದೆ. ತಯಾರಕರ ಲೆಕ್ಕ ಇರಬೇಕು ಎಂದುಕೊಂಡು ಮುಂದಕ್ಕೆ ಹೋದೆ.

ತಂತಿಯ ದಪ್ಪ ಅಳೆಯುವಾಗ ಎನಾಮೆಲನ್ನು ಬ್ಲೇಡಿನಿಂದ ಕೆರೆದರೆ ತಾಮ್ರವೂ ಸವೆಯುತ್ತದೆ. ಉರಿಯಲ್ಲಿ ಸ್ವಲ್ಪ ಹಿಡಿದು ಬಟ್ಟೆಯಿಂದ ಒರೆಸಿ ಮೈಕ್ರೋಮೀಟರ್ ಇಟ್ಟೆ: ರನ್ನಿಂಗ್ 0.50 ಮಿ.ಮೀ., ಸ್ಟಾರ್ಟಿಂಗ್ 0.315 ಮಿ.ಮೀ. ಹೊಸ ತಂತಿಯ ಎನಾಮೆಲ್ ಯಾವುದು ಎಂಬುದು ಇಲ್ಲಿ ಗೇಜಿನಷ್ಟೇ ಮುಖ್ಯ. ಬೆಸುಗೆಯ ಕಾವಿಗೇ ಕರಗಿಹೋಗುವ ಪಾಲಿಯುರೆಥೇನ್ ಲೇಪದ ತಂತಿಗೆ ಈ ಶೆಲ್ಲಿನಲ್ಲಿ ಜಾಗವಿಲ್ಲ. ಪಾಲಿಯೆಸ್ಟರ್-ಇಮೈಡ್ ಮೇಲೆ ಪಾಲಿಅಮೈಡ್-ಇಮೈಡ್ ಲೇಪವಿರುವ, 200 ಡಿಗ್ರಿ ದರ್ಜೆಯ ಜೋಡಿ ಲೇಪದ ತಂತಿಯೇ ಬೇಕು. ಸ್ಲಾಟಿಗೆ ಪಾಲಿಯೆಸ್ಟರ್ ಫಿಲ್ಮು, ಹೊರಬರುವ ತಂತಿಗಳಿಗೆ ಹೆಣೆದ ಪಾಲಿಯೆಸ್ಟರ್ ಸ್ಲೀವು, ಕಟ್ಟಲು ಪಾಲಿಯೆಸ್ಟರ್ ದಾರ. ಪಿವಿಸಿ ಸ್ಲೀವನ್ನು ಒಂದಿಂಚೂ ಬಳಸಬಾರದು; ಅದನ್ನು ಮೆದುವಾಗಿಸುವ ಪದಾರ್ಥವನ್ನು ಎಣ್ಣೆ ಮತ್ತು ಗ್ಯಾಸು ತೊಳೆದು ತೆಗೆದು, ಕೊನೆಗೆ ಕ್ಯಾಪಿಲರಿಯ (ಗ್ಯಾಸು ಹಾಯುವ ಬಹು ಸಣ್ಣ ಕೊಳವೆ) ಬಾಯಿಗೆ ಮೆತ್ತುತ್ತವೆ. ಮೋಟಾರು ಸರಿಯಿದ್ದೂ ಫ್ರಿಜ್ ತಣಿಯದೆ ಕೂರುವುದು ಆಗಲೇ.

ಫಿಲ್ಮಿನ ತುದಿಗಳನ್ನು ಮಡಚಿ ಕಾಲರಿನಂತೆ ಮಾಡಿ ಸ್ಲಾಟುಗಳಿಗೆ ಕೂರಿಸಿದೆ. ಮರದ ನಾಲ್ಕು ಮೆಟ್ಟಿಲಿನ ಅಚ್ಚಿನ ಮೇಲೆ ಕಾಯಿಲು ಸುತ್ತಿ, ಬಿದಿರಿನ ಚಪ್ಪಟೆ ಕಡ್ಡಿಯಿಂದ ಐದೈದು ತಂತಿಯಂತೆ ಸ್ಲಾಟಿಗೆ ಇಳಿಸಿದೆ. ಸ್ಲಾಟಿನ ಬಾಯಿ ಕಿರಿದು, ಅದರ ಅಂಚು ಚೂಪು. ಲೋಹದ ಯಾವ ಸಾಧನವೂ ಅಲ್ಲಿ ಬೇಡ. ಮೊದಲು ರನ್ನಿಂಗ್, ಅದರ ಮೇಲೆ ಬೇರ್ಪಡಿಸುವ ಫಿಲ್ಮು, ಆಮೇಲೆ ಸ್ಟಾರ್ಟಿಂಗ್. ಎರಡು ಪೋಲುಗಳು ಒಂದಕ್ಕೊಂದು ವಿರುದ್ಧವಾಗಿರುವಂತೆ ಕೊನೆಯನ್ನು ಕೊನೆಗೆ ಜೋಡಿಸಿ, ಕಡಿಮೆ ಡಿಸಿ ಹಾಯಿಸಿ ಸ್ಟೇಟರಿನ ಒಳಗೆ ದಿಕ್ಸೂಚಿಯನ್ನು ಸುತ್ತಿಸಿ ನೋಡಿದೆ. ಒಂದು ಕಡೆ ಉತ್ತರ, ಎದುರಿಗೆ ದಕ್ಷಿಣ, ಸರಿ. ತಂತಿ ಜೋಡಿಸುವ ತುದಿಗಳ ಎನಾಮೆಲನ್ನು ಚೆನ್ನಾಗಿ ಕೆರೆದು ರಂಜಕ-ತಾಮ್ರದ ಕಡ್ಡಿಯಿಂದ ಬ್ರೇಜ್ ಮಾಡಿದೆ. ತಾಮ್ರಕ್ಕೆ ತಾಮ್ರ ಬೆಸೆಯುವಾಗ ಆ ಕಡ್ಡಿಗೆ ಫ್ಲಕ್ಸ್ ಬೇಕಾಗುವುದಿಲ್ಲ, ಫ್ಲಕ್ಸಿನ ಉಳಿಕೆಯೂ ಎಣ್ಣೆಗೆ ಸೇರುವುದಿಲ್ಲ. ಎರಡೂ ತಲೆಗಳನ್ನು ದಾರದಿಂದ ಬಿಗಿದು, ಹಳೆಯ ತಲೆಯ ಎತ್ತರಕ್ಕಿಂತ ಒಂದು ಮಿಲಿಮೀಟರೂ ಹೆಚ್ಚಾಗದಂತೆ ಅದುಮಿದೆ. ಸ್ಪ್ರಿಂಗಿನ ಮೇಲೆ ಕೂತ ಯಂತ್ರ ಸ್ಟಾರ್ಟ್ ಆಗುವಾಗಲೂ ನಿಲ್ಲುವಾಗಲೂ ಒದರಾಡುತ್ತದೆ. ತಲೆ ಉಬ್ಬಿದ್ದರೆ ಶೆಲ್ಲಿಗೆ ತಾಗಿ ತಂತಿ ಉಜ್ಜಿಹೋಗುತ್ತದೆ.

ಅಳೆದಾಗ ರನ್ನಿಂಗ್ 15.0 ಓಮ್, ಸ್ಟಾರ್ಟಿಂಗ್ 26.1, ಎರಡೂ ಸೇರಿ 41.1. ವೈಂಡಿಂಗಿನಿಂದ ಸ್ಟೇಟರಿನ ಕೋರಿಗೆ 500 ಮೆಗಾಓಮಿಗೂ ಮೇಲೆ. ಸ್ಟೇಟರನ್ನು ಪಂಪಿಗೆ ಕೂರಿಸುವಾಗ 0.25 ಮಿ.ಮೀ. ದಪ್ಪದ ನಾಲ್ಕು ಫೀಲರ್ ಪಟ್ಟಿಗಳನ್ನು ರೋಟರಿನ ಸುತ್ತ ಸಮದೂರದಲ್ಲಿ ಇಳಿಬಿಟ್ಟು, ಬೋಲ್ಟುಗಳನ್ನು ಅಡ್ಡಡ್ಡವಾಗಿ ಸ್ವಲ್ಪಸ್ವಲ್ಪವೇ ಬಿಗಿದು, ಪಟ್ಟಿಗಳು ನಾಲ್ಕೂ ಒಂದೇ ಬಿಗಿಯಲ್ಲಿ ಜಾರಿ ಬರುವುದನ್ನು ನೋಡಿಕೊಂಡೆ. ಹೊಸ ಪಿಟಿಸಿ ಮತ್ತು ಸರಿಯಾದ ಓವರ್‌ಲೋಡ್ ಹಾಕಿ, ಶೆಲ್ ಇಲ್ಲದೆಯೇ ಮೇಜಿನ ಮೇಲೆ 230 ವೋಲ್ಟ್ ಕೊಟ್ಟೆ. ಓಡಿತು. ಆದರೆ ಎದ್ದ ರೀತಿ ಹಿಡಿಸಲಿಲ್ಲ. ಒಂದು ಕ್ಷಣ ಗುಂಯ್ ಎಂದು ಯೋಚಿಸಿ ಆಮೇಲೆ ತಿರುಗಿತು. ಮನೆಗಳಿಗೆ ಬರುವ ವೋಲ್ಟೇಜ್ ಎಲ್ಲ ಹೊತ್ತಿನಲ್ಲೂ ಒಂದೇ ಸಮ ಇರುವುದಿಲ್ಲವಾದ್ದರಿಂದ ವೇರಿಯಾಕಿನಲ್ಲಿ (ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) 180ಕ್ಕೆ ಇಳಿಸಿ ನೋಡುವುದು ನನ್ನ ಪದ್ಧತಿ. ಇಳಿಸಿದೆ. ಬರೀ ಗುಂಯ್ ಎಂಬ ಸದ್ದು, ಕೆಲವು ಸೆಕೆಂಡಿನಲ್ಲಿ ಟಕ್ ಎಂದು ಓವರ್‌ಲೋಡ್ ಬಿಟ್ಟುಕೊಂಡಿತು. ಪಿಟಿಸಿ ತಣಿಯಲು ಐದು ನಿಮಿಷ ಬಿಟ್ಟು ಮತ್ತೆ ಕೊಟ್ಟರೂ ಅದೇ.

ಮುಂದಿನ ಎರಡು ದಿನ ತಪ್ಪು ಜಾಗಗಳಲ್ಲಿ ಹುಡುಕಿದೆ. ಕ್ರ್ಯಾಂಕ್ ಬಿಗಿಯಿದೆಯೇ ಎಂದು ಕೈಯಿಂದ ತಿರುಗಿಸಿದೆ, ಹಗುರವಾಗಿ ತಿರುಗಿತು. ರೋಟರು-ಸ್ಟೇಟರುಗಳ ನಡುವಿನ ಗಾಳಿಯಂತರ ಮತ್ತೆ ಅಳೆದೆ, ಸರಿಯಿತ್ತು. ಪಿಟಿಸಿ ಬದಲಿಸಿದೆ. ದಿಕ್ಸೂಚಿಯನ್ನು ಮತ್ತೆ ಸುತ್ತಿಸಿದೆ. ಓಮ್ ಹಿಡಿದರೆ ಲೆಕ್ಕ ಹಾಕಿದಂತೆಯೇ 26.1. ಮೀಟರು ಹೇಳುವ ಪ್ರಕಾರ ಈ ವೈಂಡಿಂಗಿನಲ್ಲಿ ಏನೂ ತಪ್ಪಿರಲಿಲ್ಲ.

ಕೊನೆಗೆ ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತ ಕುಳಿತಾಗ, ಕನೆಕ್ಷನ್ ಬದಿಯ ತಲೆಯಲ್ಲಿ, 7ನೆಯ ಸ್ಲಾಟಿನ ಬಾಯಿಯ ಬಳಿ, ದಾರದ ಕೆಳಗೆ ಸಿಕ್ಕಿಸಿದ್ದ ಪುಟ್ಟ ತಂತಿಯ ಕುಣಿಕೆಯೊಂದು ಕಂಡಿತು. ಹೇರ್‌ಪಿನ್ನಿನಂತೆ ತಂತಿ ಅಲ್ಲಿ ಮಡಚಿ ಹಿಂದಕ್ಕೆ ಹೊರಟಿತ್ತು. ಕಿತ್ತ ಕಾಯಿಲುಗಳ ಉಳಿದರ್ಧವನ್ನು ಎಸೆಯದೆ ಡಬ್ಬದಲ್ಲಿಟ್ಟಿದ್ದೆ. ಎದುರಿನ ಪೋಲಿನ ದೊಡ್ಡ ಕಾಯಿಲನ್ನು ತೆಗೆದು, ಅಂಟಿದ ತಂತಿಗಳನ್ನು ಒಂದೊಂದಾಗಿ ಬಿಡಿಸಿದೆ. ಅಲ್ಲಿಯೂ ಅದೇ ಕುಣಿಕೆ. 78 ಸುತ್ತು ಒಂದು ದಿಕ್ಕಿಗೆ, ಕುಣಿಕೆಯ ನಂತರ 14 ಸುತ್ತು ಅದಕ್ಕೆ ವಿರುದ್ಧ ದಿಕ್ಕಿಗೆ. ಕಡಿದ ತುದಿಗಳನ್ನು ಎಣಿಸುವಾಗ ಎಲ್ಲವೂ ಬರೀ ತಂತಿಯ ತುದಿಗಳೇ. ಯಾವುದು ಯಾವ ಕಡೆಗೆ ಸುತ್ತಿದ್ದು ಎಂದು ಅಲ್ಲಿ ಬರೆದಿರುವುದಿಲ್ಲ. 92, 58, 46 ಎಂಬ ಸಾಲು ಈಗ ಅರ್ಥವಾಯಿತು: 78ರಲ್ಲಿ 14 ಕಳೆದರೆ 64, 64, 58, 46 ಎಂದು ಮೆಲ್ಲಗೆ ಇಳಿಯುವ ಸಾಲೇ ಅದು.

ಹೀಗೇಕೆ ಸುತ್ತುತ್ತಾರೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಪಾಸಿಟರ್ ಇಲ್ಲದ ಮೋಟಾರಿನಲ್ಲಿ ಸ್ಟಾರ್ಟಿಂಗ್ ತಿರುಚುಬಲ ಹುಟ್ಟುವುದು ಎರಡು ವೈಂಡಿಂಗುಗಳ ಕರೆಂಟು ಒಂದೇ ಹೊತ್ತಿಗೆ ಏರದೆ ಹಿಂದುಮುಂದಾಗುವುದರಿಂದ. ಆ ಅಂತರ ಸಾಮಾನ್ಯವಾಗಿ 30 ಡಿಗ್ರಿಯ ಆಸುಪಾಸು ಮಾತ್ರ. ಅಂತರ ಹೆಚ್ಚಬೇಕಾದರೆ ಸ್ಟಾರ್ಟಿಂಗಿನಲ್ಲಿ ರೆಸಿಸ್ಟೆನ್ಸ್ (ಓಮ್ ಮೀಟರು ತೋರಿಸುವ ತಡೆ) ಹೆಚ್ಚು, ರಿಯಾಕ್ಟೆನ್ಸ್ (ಸುರುಳಿಯ ಕಾಂತಕ್ಷೇತ್ರ ಎಸಿ ಕರೆಂಟಿಗೆ ಒಡ್ಡುವ ತಡೆ) ಕಡಿಮೆ ಇರಬೇಕು. ತಂತಿಯನ್ನು ಇನ್ನೂ ಸಣ್ಣದು ಮಾಡಿದರೆ ರೆಸಿಸ್ಟೆನ್ಸ್ ಏರುತ್ತದೆ ನಿಜ, ಆದರೆ ತಾಮ್ರ ಕಡಿಮೆಯಾಗಿ ಒಂದೆರಡು ಸೆಕೆಂಡಿನಲ್ಲೇ ಸುಡುವಷ್ಟು ಕಾಯುತ್ತದೆ. ಹಿಮ್ಮುಖವಾಗಿ ಸುತ್ತಿದ ಸುತ್ತುಗಳು ಈ ಇಕ್ಕಟ್ಟನ್ನು ಬಿಡಿಸುತ್ತವೆ. ಒಂದು ಹಿಮ್ಮುಖ ಸುತ್ತು ಒಂದು ಮುಮ್ಮುಖ ಸುತ್ತಿನ ಕಾಂತಶಕ್ತಿಯನ್ನು ಅಳಿಸುತ್ತದೆ, ಆದರೆ ಎರಡರ ರೆಸಿಸ್ಟೆನ್ಸೂ ಉಳಿಯುತ್ತದೆ, ಕಾವನ್ನು ಹೀರಲು ಎರಡರ ತಾಮ್ರವೂ ಇರುತ್ತದೆ. ನಾನು ಎಲ್ಲವನ್ನೂ ಒಂದೇ ದಿಕ್ಕಿಗೆ ಸುತ್ತಿದ್ದರಿಂದ ಪೋಲಿಗೆ 168 ಇರಬೇಕಾದ ಪರಿಣಾಮಕಾರಿ ಸುತ್ತು 196 ಆಗಿತ್ತು. ರಿಯಾಕ್ಟೆನ್ಸ್ ಸುತ್ತುಗಳ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಶೇ. 36ರಷ್ಟು ಹೆಚ್ಚಿತು, ರೆಸಿಸ್ಟೆನ್ಸ್ ಮಾತ್ರ ಇದ್ದಲ್ಲೇ ಇತ್ತು. ಕರೆಂಟುಗಳ ಅಂತರ ಕುಗ್ಗಿತು, ಮೋಟಾರು ಏಳಲಾರದೆ ಗುಂಯ್‌ಗುಟ್ಟಿತು. ಓಮ್ ಮೀಟರಿಗೆ ದಿಕ್ಕು ಕಾಣುವುದಿಲ್ಲ. ದಿಕ್ಸೂಚಿಗೆ ಪೋಲು ಕಾಣುತ್ತದೆಯೇ ಹೊರತು ಅದರೊಳಗಿನ ಜಗಳ ಕಾಣುವುದಿಲ್ಲ.

ಸ್ಟಾರ್ಟಿಂಗ್ ವೈಂಡಿಂಗ್ ಮೇಲ್ಗಡೆ ಇದ್ದದ್ದು ಪುಣ್ಯ. ರನ್ನಿಂಗನ್ನು ಅಲುಗಿಸದೆ ಅದನ್ನಷ್ಟೇ ತೆಗೆದು ಹೊಸದಾಗಿ ಸುತ್ತಿದೆ. ದೊಡ್ಡ ಕಾಯಿಲಿಗೆ 78 ಸುತ್ತಿ, ಅಚ್ಚಿನ ಗೂಟಕ್ಕೆ ತಂತಿಯನ್ನು ಬಳಸಿ ಮಡಚಿ, 14 ಹಿಂದಕ್ಕೆ ಸುತ್ತಿ, ಮಡಿಕೆಯಾದಲ್ಲಿ ಎನಾಮೆಲ್ ಬಿರುಕು ಬಿಟ್ಟೀತೆಂದು ಸ್ಲೀವಿನ ತುಂಡೊಂದನ್ನು ತೊಡಿಸಿದೆ. ಅದೇ ತಂತಿ, ಅಷ್ಟೇ ಉದ್ದ, ಅದೇ 26.1 ಓಮ್. 180 ವೋಲ್ಟ್ ಕೊಟ್ಟ ತಕ್ಷಣ ಚಿಟಿಕೆ ಹೊಡೆದಂತೆ ಎದ್ದು ಓಡಿತು. 230ರಲ್ಲಿ ಹೊರೆಯಿಲ್ಲದೆ 0.8 ಆಂಪಿಯರ್.

ಮುಚ್ಚುವ ಕೆಲಸದಲ್ಲಿ ಹೊಸತೇನೂ ಇಲ್ಲ, ತಾಳ್ಮೆ ಮಾತ್ರ ಬೇಕು. ಶೆಲ್ಲಿನೊಳಗಿನ ಮಸಿ ಹೋಗುವ ತನಕ ತೊಳೆದು, ಪಂಪನ್ನು ಹೊಸ ಎಣ್ಣೆಯಿಂದ ಜಾಲಾಡಿಸಿ, ಇಡೀ ಯಂತ್ರವನ್ನು 110 ಡಿಗ್ರಿಯ ಓವನ್ನಿನಲ್ಲಿ 8 ಗಂಟೆ ಇಟ್ಟೆ. ಆರ್-134ಎ ಜೊತೆ ಬಳಸುವ ಪಾಲಿಯಾಲ್ ಎಸ್ಟರ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ತೇವ ಸೇರಿದರೆ ಒಡೆದು ಆಮ್ಲವಾಗುತ್ತದೆ. ಆದ್ದರಿಂದ ಡಬ್ಬ ತೆರೆಯುವುದು ಕೊನೆಯ ಗಳಿಗೆಯಲ್ಲಿ. ಶೆಲ್ಲಿನ ಎರಡು ಅರ್ಧಗಳನ್ನು ಎದುರುಬದುರು ಬೆಸುಗೆಯ ಚುಕ್ಕೆ ಹಾಕಿ ಹಿಡಿಸಿ, ಒದ್ದೆ ಬಟ್ಟೆ ಸುತ್ತಿ, ಒಮ್ಮೆಗೆ ಎರಡು ಬೆರಳಗಲದಷ್ಟೇ ಬೆಸೆದು ತಣಿಯಬಿಟ್ಟು ಮುಂದುವರಿದೆ. ಸೋರಿಕೆ ನೋಡಲು ಒಣ ನೈಟ್ರೋಜನ್ ತುಂಬಿ ಸಾಬೂನು ನೀರು ಹಚ್ಚಿದೆ. ಒಂದು ಕಡೆ ಸೂಜಿಮೊನೆಯಷ್ಟು ಗುಳ್ಳೆ ಎದ್ದಿತು, ಅಲ್ಲಿ ಮತ್ತೆ ಬೆಸೆದೆ. ಈ ಪರೀಕ್ಷೆಗೆ ಆಕ್ಸಿಜನ್ ಸಿಲಿಂಡರನ್ನು ಯಾವ ಕಾರಣಕ್ಕೂ ಜೋಡಿಸಬಾರದು. ಒತ್ತಡದ ಆಕ್ಸಿಜನ್ ಎಣ್ಣೆಗೆ ಸೋಕಿದರೆ ಸ್ಫೋಟವಾಗುತ್ತದೆ.

ಆಮ್ಲ ಹರಡಿದ್ದರಿಂದ ಕಂಡೆನ್ಸರ್ ಮತ್ತು ಎವಾಪೊರೇಟರನ್ನು ತೊಳೆದು, ಒಣ ನೈಟ್ರೋಜನ್ ಊದಿ, ಕ್ಯಾಪಿಲರಿಯನ್ನೂ ಫಿಲ್ಟರ್ ಡ್ರೈಯರನ್ನೂ ಹೊಸದು ಹಾಕಿದೆ. ಡ್ರೈಯರಿನೊಳಗಿನ ತೇವ ಹೀರುವ ಕಾಳು ಎಕ್ಸ್‌ಎಚ್-9 ಜಾತಿಯದು. ಹಳೆಯ ಆರ್-12 ಕಾಲದ ಎಕ್ಸ್‌ಎಚ್-5 ಇದಕ್ಕೆ ಹೊಂದುವುದಿಲ್ಲ. ಎಣ್ಣೆ 190 ಮಿ.ಲೀ. ತುಂಬಿ, ವ್ಯಾಕ್ಯೂಮ್ 500 ಮೈಕ್ರಾನಿಗೆ (ಅತಿ ಕಡಿಮೆ ಒತ್ತಡದ ಅಳತೆ) ಇಳಿಸಿ, ಅರ್ಧ ಗಂಟೆ ಪಂಪು ನಿಲ್ಲಿಸಿ ಏರುವುದಿಲ್ಲವೆಂದು ನೋಡಿದೆ. ವ್ಯಾಕ್ಯೂಮಿನಲ್ಲಿರುವಾಗ ಮೆಗ್ಗರ್ ಹಿಡಿಯುವುದಾಗಲಿ ಮೋಟಾರಿಗೆ ಕರೆಂಟು ಕೊಡುವುದಾಗಲಿ ಸಲ್ಲದು. ಗಾಳಿ ವಿರಳವಾದಾಗ ಪಿನ್ನುಗಳ ನಡುವೆ ಕಡಿಮೆ ವೋಲ್ಟೇಜಿಗೇ ಕಿಡಿ ಹಾರಿ, ಹೊಸ ವೈಂಡಿಂಗ್ ಒಂದು ಕ್ಷಣದಲ್ಲಿ ಹಾಳಾಗುತ್ತದೆ. ಫ್ರಿಜ್ಜಿನ ಫಲಕದಲ್ಲಿದ್ದ 120 ಗ್ರಾಂ ಗ್ಯಾಸನ್ನು ತೂಕದ ಲೆಕ್ಕದಲ್ಲೇ ತುಂಬಿದೆ.

ಆರು ಗಂಟೆ ಓಡಿಸಿ, ನಿಲ್ಲಿಸಿದ ಕೂಡಲೇ ರನ್ನಿಂಗ್ ವೈಂಡಿಂಗಿನ ಓಮ್ ಹಿಡಿದೆ: 18.9. ತಣ್ಣಗೆ 28 ಡಿಗ್ರಿಯಲ್ಲಿ ಅದು 15.0 ಇತ್ತು. ತಾಮ್ರಕ್ಕೆ 234.5 ಎಂಬ ಸ್ಥಿರಾಂಕ ಹಿಡಿದು ಲೆಕ್ಕ ಹಾಕಿದರೆ ವೈಂಡಿಂಗಿನ ಸರಾಸರಿ ಕಾವು ಸುಮಾರು 96 ಡಿಗ್ರಿ. 130 ದಾಟಬಾರದೆಂದು ನಾನು ಇಟ್ಟುಕೊಂಡ ಮಿತಿಗೆ ಇನ್ನೂ ಸಾಕಷ್ಟು ದೂರವಿದೆ. ನಿಲ್ಲುವಾಗ ಮೊದಲಿಲ್ಲದ ಸಣ್ಣದೊಂದು ಲೊಟಕ್ ಸದ್ದು ಬರುತ್ತದೆ. ಒಂದು ಸ್ಪ್ರಿಂಗ್ ತನ್ನ ಗೂಟದಲ್ಲಿ ಪೂರ್ತಿ ಕೂತಿಲ್ಲವೆಂದು ನನ್ನ ಊಹೆ, ಅದಕ್ಕಾಗಿ ಮತ್ತೆ ಕೊಯ್ಯುವ ಮನಸ್ಸಿಲ್ಲ. ರಿಲೇ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ರನ್ನಿಂಗ್ 0.50, 87–81–70–53, ಸ್ಟಾರ್ಟಿಂಗ್ 0.315, 78 ಮುಂದೆ, 14 ಹಿಂದೆ, 58, 46, ಎಣ್ಣೆ 190. ‘14 ಹಿಂದೆ’ ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.